ಅಮ್ಮಮ್ಮನ ಮನೆಯ ಬಿಸಿಗಾಳಿ

ಮೊನ್ನೆ ಬ್ರಹ್ಮಾವರದಲ್ಲಿ ಬಟ್ಟೆ ಒಣಗಿಸುವ ಯಂತ್ರವೊಂದನ್ನು ಕೊಂಡು ಯಡ್ತರೆಯ ಚಿಕ್ಕಮ್ಮನ ಮನೆಗೆ ಸಾಗಿಸಿದೆ. ಇದಕ್ಕೆ ಗಾಳಿ ಹೊರಹಾಕುವ ಕೊಳವೆಯೇ ಇಲ್ಲ. ಬಟ್ಟೆಯ ತೇವವೆಲ್ಲ ನೀರಾಗಿ ಒಳಗಿನ ಡಬ್ಬಿಗೆ ಇಳಿಯುತ್ತದೆ. ಅಂಗಡಿಯವನು ಅದನ್ನು ವಿವರಿಸುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ.

ನಾವುಂದದ ಅಮ್ಮಮ್ಮನ ಮನೆಯಲ್ಲಿ ಮಳೆಗಾಲವೆಂದರೆ ಬಟ್ಟೆಗಳೆಲ್ಲ ಬಚ್ಚಲೊಲೆಯ ಮೇಲೆ ನೇತಾಡುವ ಕಾಲ. ಹಲವು ವರ್ಷಗಳ ಹಿಂದೆ, ಮುಂಬೈಯ ಹೋಟೆಲಿನಲ್ಲಿದ್ದ ಮಾವ, ಅಲ್ಲಿ ಮೂಲೆ ಸೇರಿದ್ದ ಬಟ್ಟೆ ಒಣಗಿಸುವ, ಕೊಳವೆಯಿದ್ದ ಹಳೆಯ ಯಂತ್ರವೊಂದನ್ನು ಲಾರಿಗೆ ಹಾಕಿಸಿ ತಂದ. ಚಿಕ್ಕಮ್ಮನನ್ನು ನೋಡಲು ಗಂಡಿನವರು ಬರುವವರಿದ್ದರು. ಅದಾಗಲೇ ಎರಡು ಸಂಬಂಧ ತಪ್ಪಿಹೋಗಿತ್ತು. ಈ ಸಲವಾದರೂ ತಂಗಿ ಹೊಗೆ ವಾಸನೆಯಿಲ್ಲದ ಸೀರೆ ಉಟ್ಟು ಕೂರಲಿ ಎಂಬುದು ಅವನ ಆಸೆ.

"ಗೋಡಿಗೊಂದ್ ತೂತ್ ಹೊಡ್ದ್ ಪೈಪ್ ಹೊರಗ್ ಬಿಡ್ಕ್," ಎಂದ ಮಾವ.

"ಮಳಿಗಾಲ್ದಗೆ ಗೋಡಿಗ್ ತೂತ್ ಮಾಡುಕೆ ನಿಂಗೆ ಮರ್ಲಾ?" ಅಮ್ಮಮ್ಮ ಗದರಿದಳು. "ಇಷ್ಟ್ ಒಳ್ಳೆ ಬಿಸಿಗಾಳಿ ಹೊರಗ್ ಬಿಡುದ್ ಎಂತಕೆ? ಒಣಮೀನಿಗ್ ಬಿಡ್!"

ಕೊಳವೆಯ ಬಾಯಿ ಒಣ ಸಿಗಡಿಯ ಬುಟ್ಟಿಯತ್ತ ತಿರುಗಿತು. ಯಂತ್ರದ ಜೊತೆ ಬಂದ ಚಿತ್ರದಲ್ಲಿ ಹೀಗಿಲ್ಲವಲ್ಲ ಎಂದು ನಾನು ಗೊಣಗಿದೆ. ಕಾಲೇಜಿಗೆ ಹೋಗುವವಳ ಮಾತಿಗೆ ಆ ಮನೆಯಲ್ಲಿ ಬೆಕ್ಕಿನ ಮಾತಿನಷ್ಟೇ ಬೆಲೆ. ಗೋಡೆ ಬೆವರಿತು, ಸಿಗಡಿ ಮೆತ್ತಗಾಯಿತು. ಯಂತ್ರವೋ, ಕೋಣೆಯ ಅದೇ ಗಾಳಿಯನ್ನು ಮತ್ತೆ ಒಳಗೆಳೆದು ಬಿಸಿ ಮಾಡಿ ಬಟ್ಟೆಗೆ ಊದುತ್ತಿತ್ತು. ಗಂಡಿನವರು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಮನೆಯ ಒಂದು ಕರವಸ್ತ್ರವೂ ಆ ವಾಸನೆಯಿಂದ ತಪ್ಪಿಸಿಕೊಂಡಿರಲಿಲ್ಲ. ಬೇರೆ ಸೀರೆ ಎಲ್ಲಿಂದ ತರುವುದು? ಚಿಕ್ಕಮ್ಮ ಕಣ್ಣೊರೆಸಿಕೊಂಡೇ ಹೊರಗೆ ಬಂದು ಕೂತಳು.

ಗಂಡಿನ ತಾಯಿ ಅವಳ ಪಕ್ಕದಲ್ಲೇ ಕೂತು, ಸೆರಗನ್ನೆತ್ತಿ ಮೂಸಿದರು. ಬಾಗಿಲ ಹಿಂದಿನಿಂದ ಅಮ್ಮಮ್ಮ ಇಣುಕುತ್ತಿದ್ದಳು.

"ಒಣ ಸಿಗಡಿ ಅಲ್ದಾ ಹೆಣೆ? ಮೀನ್ ಮಾರುಕೆ ಹೋಪತಿಗೆ ನನ್ ಸೀರಿಯೂ ಹಿಂಗೇ ನಾತ ಬತ್ತಿತ್ತ್. ನೀ ನಮ್ಮನಿಗೇ ಬಾ ಮಗಾ."

ಮುಂದೆ ಅತ್ತೆ ಸೊಸೆ ಒಂದೇ ಬಟ್ಟಲಲ್ಲಿ ಉಣ್ಣುವಷ್ಟು ಹಚ್ಚಿಕೊಂಡರು. ಕೆಲವೊಮ್ಮೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಆ ಅತ್ತೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಹೊಸ ಯಂತ್ರ ಬಂದದ್ದೇ ಚಿಕ್ಕಮ್ಮ ಕಪಾಟಿನಲ್ಲಿ ಮುಗ್ಗಲು ಹಿಡಿದದ್ದನ್ನೆಲ್ಲ ಒಗೆದು ತಂದು ಸುರಿದಳು. ಎಲ್ಲವೂ ಬೆಚ್ಚಗೆ, ಯಾವ ವಾಸನೆಯೂ ಇಲ್ಲದೆ ಹೊರಬಂದವು. ನಾನು ಹುರುಪಿನಲ್ಲಿ ಕಪಾಟಿನ ತಳದಲ್ಲಿ ಉಳಿದಿದ್ದ ನೀಲಿ ಸೀರೆಗೂ ಕೈಹಾಕಿದೆ.

"ಅದ್ ಬ್ಯಾಡ! ಅದ್ ಅತ್ತಿದ್," ಎಂದು ಚಿಕ್ಕಮ್ಮ ಕಿತ್ತುಕೊಂಡಳು. "ಒಗ್ದ್ ಅದ್ರಗೆ ಹಾಕಿರೆ ಅವ್ರ್ ವಾಸ್ನಿ ಹೋತ್ತ್."

ಅಷ್ಟು ಹೊತ್ತೂ ಯಂತ್ರದ ಗುಣಗಾನ ಮಾಡುತ್ತಿದ್ದ ನಾನು ಅದನ್ನು ಆರಿಸಿ ಅವಳ ಪಕ್ಕದಲ್ಲಿ ಕೂತೆ. ಅವಳು ಆ ಸೆರಗನ್ನು ಒಮ್ಮೆ ಮುಖಕ್ಕೊತ್ತಿಕೊಂಡು, ಆಮೇಲೆ ನನ್ನ ಕಡೆಗೂ ಚಾಚಿದಳು.