ಲತೀಫಾಬಿ ಕಿತ್ತ ಪರದೆ

ವಾಡಿಯ ಲತೀಫಾಬಿಯ ಕೂಡ ಜಗಳಕ್ಕೆ ನಿಲ್ಲುವವರು ಮೊದಲು ಹೊಟ್ಟೆ ತುಂಬ ಉಂಡು ಬರಬೇಕು. ಇದು ಹೊಗಳಿಕೆ, ಚಾಡಿಯಲ್ಲ. ಆಕೆ ಸೇಡಂನ ಬಟ್ಟೆ ಅಂಗಡಿಯಲ್ಲಿ ಕುಪ್ಪಸ ಹೊಲಿಯುತ್ತಾಳೆ, ನಾನು ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೂ ಮಾರುವ ಶಿವಕಾಂತಮ್ಮ ಮತ್ತು ಚಿತ್ತಾಪುರದಲ್ಲಿ ಹತ್ತುವ ಸರಿತಾ ಸೇರಿ ನಾವೆಲ್ಲ ವಾಡಿಯಿಂದ ಸೇಡಂಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯ ಹೆಂಗಸರ ಡಬ್ಬಿಯವರು. ಡಬ್ಬಿ ಅಂದರೆ ಬೋಗಿಯ ತುದಿಗೊಂದು ತಗಡಿನ ಗೋಡೆ, ಅದರ ನಡುವೆ ಬಾಗಿಲಿಲ್ಲದ ದಾರಿ, ಅಷ್ಟೇ.

ಆ ದಾರಿಯಿಂದ ಗಂಡಸರ ಕಣ್ಣು ಒಳಗೆ ಬೀಳುತ್ತದೆಂದು ಶಿವಕಾಂತಮ್ಮ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದ್ದಳು. ಒಂದು ತುದಿಗೆ ಜಾಗ ಸಿಗದೆ, ಗಾಡಿ ನಿಲ್ಲಿಸುವ ಚೈನಿನ ಹಿಡಿಕೆಗೆ ಗಂಟು ಹಾಕಿದ್ದಳು. ಸೀರೆ ಜಗ್ಗಿ ಗಾಡಿ ನಿಂತರೆ ದಂಡ ಬಿದ್ದೀತೆಂದು ಹಿಡಿಕೆಯನ್ನೇ ಮೇಲಿನ ಸರಳಿಗೆ ಬಿಗಿದೂ ಬಿಟ್ಟಿದ್ದಳು. ಎಂಥಾ ಜಾಣತನ ಅಂತೀರಿ! ನಾವೆಲ್ಲ ಭೇಷ್ ಅಂದು, ಆ ಪರದೆಯ ಹಿಂದೆ ಕಾಲು ಚಾಚಿ ರೊಟ್ಟಿ ತಿನ್ನುತ್ತಿದ್ದೆವು.

ಎಳ್ಳ ಅಮಾವಾಸ್ಯೆಯಂದು ನಾವು ಶಿವಕಾಂತಮ್ಮನ ಹೊಲದಲ್ಲಿ ಹಬ್ಬದ ಸೊಪ್ಪು-ಕಾಳಿನ ಭಜ್ಜಿ ಉಣ್ಣುತ್ತಿದ್ದೆವು. ಸೇಡಂನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಕಲಿಯುವ ಸರಿತಾಗೆ ಮಾತ್ರ ರಜೆ ಇರಲಿಲ್ಲ. ಸಂಜೆ ಅದೇ ಗಾಡಿಯಲ್ಲಿ ಒಬ್ಬಳೇ ಬರುವಾಗ ಕುಡುಕನೊಬ್ಬ ಪರದೆ ಸರಿಸಿ ಬಂದು ದಾರಿಗಡ್ಡ ಕುಳಿತ. ಅವಳು ಕೂಗಿದ್ದು ಗಾಲಿಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆಚೆ ಕಡೆ ಬೋಗಿ ತುಂಬ ಜನ, ಆದರೆ ಅವರಿಗೆ ಕಂಡದ್ದು ಬರೀ ಸೀರೆ. ಚೈನು ಜಗ್ಗಿದಳು, ಹಿಡಿಕೆ ಅಲುಗಲಿಲ್ಲ. ಚಿತ್ತಾಪುರದಲ್ಲಿ ಹತ್ತಿದ ಹೆಂಗಸರು ಪರದೆ ಎತ್ತಿದ್ದೇ ಅವನು ಇಳಿದು ಓಡಿದ. ಮೈ ಮುಟ್ಟಿರಲಿಲ್ಲ, ಆದರೆ ಹುಡುಗಿ ರಾತ್ರಿಯೆಲ್ಲ ದೀಪ ಆರಿಸಗೊಡಲಿಲ್ಲವಂತೆ. ಅವಳಪ್ಪ ಗೊಲ್ಲಾಳಪ್ಪ ಇನ್ನು ಗಾಡಿಯೂ ಬೇಡ, ಕೆಲಸವೂ ಬೇಡ ಎಂದುಬಿಟ್ಟ.

ಸುದ್ದಿ ಕೇಳಿದ ಬೆಳಿಗ್ಗೆ ಲತೀಫಾಬಿ ಸೀಟಿನ ಮೇಲೆ ಹತ್ತಿ ಕತ್ತರಿಯಿಂದ ಪರದೆಯ, ಚೈನಿನ ಹಿಡಿಕೆಯ ಗಂಟುಗಳನ್ನೆಲ್ಲ ಕತ್ತರಿಸತೊಡಗಿದಳು.

"ಏ, ನೀ ಬುರ್ಖಾ ಹಾಕ್ಕೊಂಡು ನಮ್ಮ ಪರದಾ ಹರೀಲಿಕತ್ತೀಯೇನು?" ಶಿವಕಾಂತಮ್ಮ ಎದ್ದು ನಿಂತಳು.

"ನನ್ನ ಬುರ್ಖಾ ನನ್ನ ಕೂಡ ಎದ್ದು ಓಡ್ತದ ಅಕ್ಕಾ. ನಿನ್ನ ಸೀರಿ ಅಲ್ಲೇ ನಿಂತು ಆ ಕುಡುಕನ್ನ ಮುಚ್ಚಿಟ್ತು! ಮಂದಿ ನೋಡಿದ್ರ ನೋಡ್ಲಿ. ಪೋರಿ ಜೀವಕ್ಕ ಕುತ್ತು ಬಂದಾಗ ನಾಕು ಮಂದಿಗೆ ಕಾಣಬೇಕೋ ಬ್ಯಾಡೋ?"

ಶಿವಕಾಂತಮ್ಮ ಸೀರೆಯನ್ನು ಮಡಚಿ ಬುಟ್ಟಿಯಲ್ಲಿಟ್ಟಳು. ಲತೀಫಾಬಿ ಅಂದಿನ ಕೂಲಿ ಹಾಳಾದರೂ ಸರಿಯೆಂದು ಚಿತ್ತಾಪುರದಲ್ಲೇ ಇಳಿದು ಗೊಲ್ಲಾಳಪ್ಪನ ಮನೆಗೆ ಹೋದಳು.

"ಅಣ್ಣಾ, ಮಗಳನ್ನ ಮನ್ಯಾಗ ಕೂಡಿಸಿದ್ರ ಆ ಹಲ್ಕಟ್ ಗೆದ್ದಂಗಲ್ಲೇನ್ರಿ? ನಾಳಿ ನೀವೇ ಬಂದು ಕಣ್ಣಾರೆ ನೋಡ್ರಿ."

"ನೋಡ್ತೀನಿ. ಮನಸಿಗೆ ಬರಲಿಲ್ಲಂದ್ರ ಮುಗೀತು," ಎಂದನಂತೆ ಆತ.

ಮರುದಿನ ಅಪ್ಪ, ಮಗಳು ಇಬ್ಬರೂ ಬಂದರು. ಗೊಲ್ಲಾಳಪ್ಪ ಗಂಡಸರ ಕಡೆ ಕುಳಿತ. ಅಲ್ಲಿಂದ ನಮ್ಮ ಡಬ್ಬಿ ಕಿಟಕಿಯವರೆಗೂ ಕಾಣುತ್ತಿತ್ತು. ಸರಿತಾ ಎದ್ದು ಕೈ ಚಾಚಿದಳು, ಚೈನಿನ ಹಿಡಿಕೆ ಸಲೀಸಾಗಿ ಸಿಕ್ಕಿತು. ಆದರೂ ಸೇಡಂಗೂ ಮೊದಲಿನ ಮಳಖೇಡ ಸ್ಟೇಷನ್ ಬರುತ್ತಲೇ ಆತ ಎದ್ದ.

"ಇವತ್ತು ನಾ ಇದ್ದೀನಿ. ದಿನಾ ಯಾರು ಕಾಯ್ತಾರ? ಇಳಿ, ಮನಿಗಿ ಹೋಗಮು," ಎಂದು ತಾನು ಮುಂದಾಗಿ ಇಳಿದ.

ಸರಿತಾ ಕಿಟಕಿಯ ಮೂಲೆ ಬಿಟ್ಟು, ಎಲ್ಲರಿಗೂ ಕಾಣುವಂತೆ ದಾರಿಯ ಪಕ್ಕದ ಸೀಟಿಗೆ ಬಂದು ಕುಳಿತಳು. ಬೋಗಿಗೆ ಬೋಗಿಯೇ ತಿರುಗಿ ನೋಡುವಂತೆ ಕೂಗಿ ಹೇಳಿದಳು.

"ಅಪ್ಪಾ, ನಾ ಇಳಿಯಂಗಿಲ್ಲ. ತಪ್ಪು ಮಾಡ್ದಾಂವ ಇಳದು ಓಡ್ಯಾನ. ನಾ ಯಾಕ ಇಳೀಲಿ?"

ಗಾಡಿ ಹೊರಟಿತು. ಗೊಲ್ಲಾಳಪ್ಪ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ನಿಂತಿದ್ದ.