ಖಾಲಿ ಕ್ಯಾಮೆರಾದ ಮುಂದೆ ನಿಂತವರು

ಮೊನ್ನೆ ಗೋಬಿ ಮಂಚೂರಿ ಮಾಡುವ ಹುಮ್ಮಸ್ಸಿನಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆರೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಡುಬಿದಿರೆಯ ನಮ್ಮ ಭಾವನ ಹೋಟೆಲು ಕಣ್ಣ ಮುಂದೆ ಬಂದು ನಿಂತಿತು. ಹೋಟೆಲು ನೆನಪಾಗಬೇಕಾದರೆ ಸಾಂಬಾರಿನ ಪರಿಮಳ ಬೇಕು, ವಿನೆಗರ್ ಯಾಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಆ ಹೋಟೆಲಿನಲ್ಲಿ ಸಾಂಬಾರಿಗೆ ಯಾವ ಕಾಲಕ್ಕೂ ಎರಡನೆಯ ಸ್ಥಾನ. ಮೊದಲ ಸ್ಥಾನ ಹಿಂದಿನ ಉಗ್ರಾಣದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಭಾವ ಫೋಟೋ ತೊಳೆಯುತ್ತಿದ್ದ ಟ್ರೇಗಳಿಗೆ. ಅವುಗಳಲ್ಲೊಂದರ ನೀರಿಗೆ ಇದೇ ಹುಳಿ ವಾಸನೆ.

ಸಂಜೀವ ಭಾವ ಎಂದರೆ ನನ್ನ ಅಕ್ಕ ಜಲಜಕ್ಕನ ಗಂಡ. ಪ್ರಾಯಕಾಲದಲ್ಲಿ ಮಸ್ಕತ್ತಿನಲ್ಲಿ ಯಾರದೋ ಹೋಟೆಲು ನೋಡಿಕೊಂಡಿದ್ದವರು. ಆಗ ಗಲ್ಫಿನಿಂದ ಊರಿಗೆ ಬರುವವರು ಚಿನ್ನ ತರುತ್ತಿದ್ದರು, ಟೇಪ್‌ರೆಕಾರ್ಡರ್ ತರುತ್ತಿದ್ದರು, ಏನೂ ಆಗದಿದ್ದರೆ ಕಂಬಳಿಯನ್ನಾದರೂ ತರುತ್ತಿದ್ದರು. ಭಾವ ಒಂದು ಕ್ಯಾಮೆರಾ ತಂದರು. ಅದರ ಜೊತೆಗೆ, ಫೋಟೋ ಎಂದರೆ ಕಪ್ಪು ಬಿಳುಪಿನದ್ದು, ಉಳಿದದ್ದೆಲ್ಲ ಕ್ಯಾಲೆಂಡರು ಎನ್ನುವ ಒಂದು ಹಟವನ್ನೂ ತಂದರು. ಕ್ಯಾಮೆರಾಕ್ಕೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿದ್ದರಂತೆ. ಹಟಕ್ಕೆ ಸುಂಕ ಕಟ್ಟಿದ್ದು ನಾವು, ಮನೆಯವರು.

ನನ್ನ ಮದುವೆಯನ್ನೇ ತೆಗೆದುಕೊಳ್ಳಿ. ಪೊಳಲಿಯಲ್ಲಿ ಮದುವೆ. ಗಿಳಿಹಸಿರು ಬಣ್ಣಕ್ಕೆ ಕೆಂಪು ಅಂಚಿನ ಸೀರೆಯನ್ನು ಅಮ್ಮ ಮಂಗಳೂರಿನ ಅಂಗಡಿಗಳನ್ನೆಲ್ಲ ಜಾಲಾಡಿ ತಂದಿದ್ದರು. ಭಾವನ ಫೋಟೋದಲ್ಲಿ ಅದು ಬೂದಿ ಬಣ್ಣ, ಅಂಚು ಮಸಿ. “ನೀನು ಮದುವೆಗೆ ಬೂದಿ ಬಣ್ಣದ ಸೀರೆ ಉಟ್ಟದ್ದಾ?” ಎಂದು ಅತ್ತೆಯ ಕಡೆಯವರು ಈಗಲೂ ಕೇಳುವುದುಂಟು. “ಬಣ್ಣ ಮಾಸ್ತದೆ ಮಾರಾಯ್ತಿ, ಇದು ಮಾಸುವುದಿಲ್ಲ” ಎಂದು ಭಾವ ಸಮಾಧಾನ ಹೇಳಿದ್ದರು. ಅದೇ ಮದುವೆಗೆ ಗಂಡಿನ ಕಡೆಯವರು ಗೊತ್ತು ಮಾಡಿದ್ದ ಕಲರ್ ಫೋಟೋಗಳಲ್ಲಿ ಈಗ ನಾನೂ ನನ್ನ ಗಂಡನೂ ಪುರೋಹಿತರೂ ಒಂದೇ ಸಮ ಕಿತ್ತಳೆ ಬಣ್ಣಕ್ಕೆ ತಿರುಗಿದ್ದೇವೆ. ಭಾವನದ್ದು ಹಾಗೆಯೇ ಉಂಟು. ಇದನ್ನು ನಿಮಗೆ ಹೇಳುತ್ತಿದ್ದೇನೆ. ಭಾವನಿಗೆ ಈವರೆಗೆ ಹೇಳಿಲ್ಲ, ಹೇಳುವ ಅಂದಾಜೂ ಇಲ್ಲ.

ಮೂಡುಬಿದಿರೆಯ ಬಸ್ಸು ನಿಲ್ದಾಣದ ಎದುರು ಅವರ ಹೋಟೆಲು. ಗಲ್ಲಾದಲ್ಲಿ ಜಲಜಕ್ಕ, ಕತ್ತಲೆಯಲ್ಲಿ ಭಾವ. ಹೋಟೆಲಿನ ಗೋಡೆಗಳ ಮೇಲೆ ದೇವರ ಪಟ ಒಂದೇ ಒಂದು; ಉಳಿದದ್ದೆಲ್ಲ ದಿನಾ ಚಾ ಕುಡಿಯಲು ಬರುವವರ ಮುಖಗಳು. ಸಿದ್ದಕಟ್ಟೆ ಬಸ್ಸಿನ ಕಂಡಕ್ಟರು, ಮಲ್ಲಿಗೆ ಮಾರುವ ಗುಲಾಬಿಯಕ್ಕ, ಎಲ್ಲೆಲ್ಲಿಂದಲೋ ಇಲ್ಲಿಯ ಕಾಲೇಜುಗಳಿಗೆ ಓದಲು ಬಂದ ಹುಡುಗ ಹುಡುಗಿಯರು. ಆ ಗೋಡೆ ಹತ್ತುವುದು ಒಂದು ಮರ್ಯಾದೆ. ಹತ್ತುವ ಕಷ್ಟ ಮಾತ್ರ ಹತ್ತಿದವರಿಗೇ ಗೊತ್ತು. ಭಾವ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರಿಸುತ್ತಿದ್ದರು, ಕ್ಯಾಮೆರಾ ಕಣ್ಣಿಗೆ ಹಿಡಿಯುತ್ತಿದ್ದರು, ಇಳಿಸುತ್ತಿದ್ದರು, ಆಕಾಶ ನೋಡುತ್ತಿದ್ದರು. “ಸ್ವಲ್ಪ ನಿಲ್ಲಿ, ಆ ಮೋಡ ಹೋಗ್ಲಿ.” ಅಷ್ಟರಲ್ಲಿ ಚಾ ಆರುತ್ತಿತ್ತು, ದೋಸೆ ಚರ್ಮವಾಗುತ್ತಿತ್ತು. “ಭಾವ, ನಿಮ್ಮೆದುರು ಫೋಟೋಕ್ಕೆ ಕೂತವ ಏಳುವಾಗ ಇನ್ನೊಮ್ಮೆ ಗಡ್ಡ ತೆಗೀಬೇಕಾಗ್ತದೆ” ಎಂದು ನಾನು ತಮಾಷೆ ಮಾಡುತ್ತಿದ್ದೆ. ನನ್ನನ್ನೂ ಕೂರಿಸಲು ಅವರು ನೋಡಿದ್ದುಂಟು. ನನಗೆಲ್ಲಿ ಪುರುಸೊತ್ತು! ಶಾಲೆಯ ಟೀಚರು ನಾನು. ಆದಿತ್ಯವಾರವೂ ಮೂವತ್ತು ಉತ್ತರಪತ್ರಿಕೆ ಚೀಲದಲ್ಲಿಟ್ಟುಕೊಂಡೇ ತಿರುಗುವವಳು.

ಆ ಕಾಲದಲ್ಲಿ ಫಿಲ್ಮ್ ರೋಲು ಬೆಂಕಿಪೊಟ್ಟಣದ ಹಾಗೆ ಎಲ್ಲಿಯೂ ಸಿಗುತ್ತಿತ್ತು. ಬೆಳ್ತಂಗಡಿಯ ಸ್ಟುಡಿಯೊದಲ್ಲಿ, ನಮ್ಮ ಬಿ.ಸಿ.ರೋಡಿನಲ್ಲಿ, ಮೂಡುಬಿದಿರೆಯಲ್ಲಂತೂ ಬಳೆ ಮಾರುವ ಫ್ಯಾನ್ಸಿ ಅಂಗಡಿಯಲ್ಲಿಯೂ. ಮೊದಲು ಕಪ್ಪು ಬಿಳುಪಿನ ರೋಲು ಗಾಜಿನ ಕಪಾಟಿನ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಿತು. ಆಮೇಲೆ “ಹೇಳಿದರೆ ತರಿಸಿ ಕೊಡುವ” ಎಂದಾಯಿತು. ಆಮೇಲೆ ಕಪಾಟೇ ಹೋಗಿ, ಆ ಜಾಗದಲ್ಲಿ ಫ್ಲೆಕ್ಸ್ ಮುದ್ರಿಸುವ ಯಂತ್ರ ಬಂತು. ರೋಲಿನ ಬೆಲೆಯನ್ನು ಭಾವ ಮಸಾಲೆದೋಸೆಯಲ್ಲಿ ಅಳೆಯುತ್ತಿದ್ದರು. ಒಂದೆರಡು ದೋಸೆಯಷ್ಟಿದ್ದ ರೋಲು ನೋಡನೋಡುತ್ತಾ ಒಂದು ಸಂಸಾರದ ಊಟಕ್ಕೆ ಬಂತು, ಅದಕ್ಕೆ ಐಸ್‌ಕ್ರೀಮೂ ಸೇರಿತು. ಸಿಕ್ಕಿದ ರೋಲು ಹೋಟೆಲಿನ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ ಬೆಚ್ಚಗೆ, ತಪ್ಪಿತು, ತಣ್ಣಗೆ ಇರುತ್ತಿತ್ತು. ಬೆಣ್ಣೆಯನ್ನು ಯಾರೂ ತೆಗೆಯಬಹುದು. ರೋಲನ್ನು ಮುಟ್ಟುವ ಹಾಗಿಲ್ಲ. ಎಷ್ಟೋ ತಿಂಗಳು ಆ ಜಾಗ ಖಾಲಿಯೇ ಬಿದ್ದಿರುತ್ತಿತ್ತು. ಆಗ ಭಾವನ ಮುಖವೂ ಹಾಗೆಯೇ.

ಕಳೆದ ವರ್ಷ ಒಂದು ಬೆಳಿಗ್ಗೆ ಭಾವನ ಫೋನು ಬಂತು. “ನಿನ್ನ ಕಾರು ತೆಕ್ಕೊಂಡು ಬಾ. ಅರ್ಜೆಂಟ್ ಉಂಟು.” ಭಾವನ ಬಾಯಿಂದ ಅರ್ಜೆಂಟ್ ಎನ್ನುವ ಮಾತು ಕೇಳಿದ್ದು ಅದೇ ಮೊದಲು. ಹೆದರಿ ಓಡಿದೆ.

ಹೋದರೆ ಭಾವ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಸಿದ್ಧವಾಗಿ ಕೂತಿದ್ದರು. ನಡೆದದ್ದನ್ನು ಅಕ್ಕ ಹೇಳಿದಳು. ಬಾಗಲಕೋಟೆ ಕಡೆಯ ಬಸವರಾಜ ಎಂಬ ಹುಡುಗ ಹಿಂದೆ ಇಲ್ಲಿಯ ಕಾಲೇಜಿನಲ್ಲಿ ಓದುತ್ತಿದ್ದ. ಈಗ ಅವನ ಊರ ಹತ್ತಿರವೇ ಲೆಕ್ಚರರ್ ಆಗಿದ್ದಾನೆ. ಹೆಂಡತಿ, ಮಗಳ ಜೊತೆ ಧರ್ಮಸ್ಥಳಕ್ಕೆ ಹೊರಟವನು ಹಿಂದಿನ ದಿನ ಹೋಟೆಲಿಗೆ ಬಂದಿದ್ದ. ಬಂದವನೇ ಗೋಡೆಗಳನ್ನೆಲ್ಲ ಸುತ್ತಿ ನೋಡಿ, “ಅಂಕಲ್, ನನ್ನ ಫೋಟೋ ಎಲ್ಲೈತ್ರಿ? ಗ್ವಾಡಿ ಮ್ಯಾಗ ಕಾಣವಲ್ದಲ್ಲ” ಎಂದನಂತೆ. ಭಾವ ತಡವರಿಸಿ, ಎಲ್ಲಿಯೋ ಉಂಟು, ಹುಡುಕಬೇಕು ಎಂದರಂತೆ. “ಹುಡುಕಿ ಇಡ್ರಿ, ನಾಳೆ ಸಂಜೀಕ ತಿರುಗಿ ಬರೋ ಮುಂದ ಇಲ್ಲೇ ಇಳಿತೀವಿ” ಎಂದು ಅವನು ಹೋಗಿದ್ದ.

ಬೆಳ್ತಂಗಡಿಗೆ ಬಿಡು ಎಂದರು ಭಾವ. ಕಾರು ವೇಣೂರು ದಾಟಿದ ಮೇಲೆ ನಾನೇ ಕೇಳಿದೆ. “ಇದರಲ್ಲಿ ಎಂತ ತಲೆಬಿಸಿ ಭಾವ? ನೆಗೆಟಿವ್ ತೆಗೆದು ಇನ್ನೊಂದು ಪ್ರಿಂಟ್ ಹಾಕಿದ್ರಾಯ್ತು.”

“ನೆಗೆಟಿವ್ ಇಲ್ಲ.”

“ಹಾಳಾಯ್ತಾ?”

“ಹಾಳಾಗ್ಲಿಕ್ಕೆ ಮೊದ್ಲು ಇರ್ಬೇಕಲ್ಲ ಮಾರಾಯ್ತಿ.”

ಕಾರನ್ನು ನಿಧಾನ ಮಾಡಿದೆ. ಭಾವ ಎದುರಿನ ರಸ್ತೆಗೇ ಹೇಳುವಂತೆ ಹೇಳತೊಡಗಿದರು. ಬಸವರಾಜ ಬಂದ ಮೊದಲ ವರ್ಷ. ಅವನಿಗೆ ನಮ್ಮ ಕುಚ್ಚಲಕ್ಕಿ ಸೇರದು, ತುಳು ಬಾರದು, ನಮ್ಮ ಕನ್ನಡ ಕೇಳಿದರೆ ಪಾಠ ಓದಿದ ಹಾಗೆ ಕೇಳುತ್ತದೆಯಂತೆ. ಪರೀಕ್ಷೆಯಲ್ಲಿಯೂ ಎಡವಿದ್ದ. ಒಂದು ಸಂಜೆ ಟ್ರಂಕು, ಹಾಸಿಗೆ ಎಲ್ಲ ಕಟ್ಟಿಕೊಂಡು ಹೋಟೆಲಿಗೆ ಬಂದು, “ಹೊಂಟೆ ಅಂಕಲ್, ಇನ್ನ ಬರಂಗಿಲ್ಲ” ಎಂದ. ಹುಬ್ಬಳ್ಳಿ ಕಡೆಯ ಬಸ್ಸು ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು.

“ಅವನ ಮುಖ ನೋಡ್ಲಿಕ್ಕಾಗ್ಲಿಲ್ಲ ನಂಗೆ. ಬುದ್ಧಿ ಹೇಳುವ ಅಂದ್ರೆ ನಂಗೆ ಹೇಳ್ಲಿಕ್ಕೆ ಬರುವುದಿಲ್ಲ. ಕೈ ಕ್ಯಾಮೆರಾಕ್ಕೆ ಹೋಯ್ತು. ರೋಲು ಮುಗಿದು ಎಷ್ಟೋ ಸಮಯ ಆಗಿತ್ತು. ಆದ್ರೂ ಕಿಟಕಿ ಹತ್ತಿರ ಕೂತ್ಕೋ ಅಂದೆ. ಕ್ಲಿಕ್ ಮಾಡಿದೆ. ಎರಡು ವಾರದಲ್ಲಿ ಪ್ರಿಂಟ್ ಬರ್ತದೆ, ನೋಡಿಕೊಂಡು ಹೋಗು ಅಂದೆ.”

“ಅವ ಉಳಿದನಾ?”

“ಉಳಿದ. ಎರಡು ವಾರ ಆದ ಮೇಲೆ ಇನ್ನೊಂದು ವಾರ ಅಂದೆ. ಆಮೇಲೆ ಕೆಮಿಕಲ್ ಬರ್ಲಿಲ್ಲ ಅಂದೆ. ಹೀಗೇ ಡಿಗ್ರಿ ಮುಗೀತು.”

ಜೋರಾಗಿ ನಗುವುದಕ್ಕೆ ಬಾಯಿ ತೆರೆದವಳು ಭಾವನ ಕಡೆ ನೋಡಿ ಮುಚ್ಚಿದೆ. ಅವರ ಕಣ್ಣಿನಲ್ಲಿ ನಗು ಇರಲಿಲ್ಲ. “ನನ್ನ ಮಾತು ನಂಬಿ ಉಳಿದ ಹುಡುಗ ಅವ. ಇಷ್ಟು ವರ್ಷ ತನ್ನ ಫೋಟೋ ಗೋಡೆಯಲ್ಲಿ ಉಂಟು ಅಂತ ಎಣಿಸಿಕೊಂಡಿದ್ದ. ಈಗ ಎಂತ ಹೇಳುವುದು? ಒಂದು ರೋಲು ಸಿಕ್ಕಿದ್ರೆ, ಈಗಲಾದ್ರೂ ಸರಿಯಾಗಿ ತೆಗೀತೇನೆ.”

ಬೆಳ್ತಂಗಡಿಯಲ್ಲಿ ಭಾವನ ಹಳೆಯ ಪರಿಚಯದ ಸ್ಟುಡಿಯೊ ಇನ್ನೂ ಇತ್ತು. ಅದರ ಯಜಮಾನರು ಯಾರದೋ ಗೃಹಪ್ರವೇಶದ ಫ್ಲೆಕ್ಸಿನಲ್ಲಿ ಮುಳುಗಿದ್ದರು. “ಫಿಲ್ಮಾ? ನೀವು ಯಾವ ಕಾಲದಲ್ಲಿದ್ದೀರಿ ಸಂಜೀವಣ್ಣ? ರೋಲಿನ ಡಬ್ಬಿ ಬೇಕಾದ್ರೆ ಉಂಟು. ನಮ್ಮ ಅಮ್ಮ ಅದರಲ್ಲಿ ಎಲೆ ಅಡಿಕೆಯ ಸುಣ್ಣ ಹಾಕಿಡುವುದು.” ಭಾವ ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಸುಣ್ಣದ ವಾಸನೆಯೇ ಬಂದಿರಬೇಕು, ವಾಪಸು ಕೊಟ್ಟರು.

ಅಲ್ಲಿಂದ ಬಿ.ಸಿ.ರೋಡಿಗೆ. ನಾನು ಇದ್ದಬದ್ದ ಸ್ಟುಡಿಯೊಗಳನ್ನೆಲ್ಲ ಹತ್ತಿಸಿ ಇಳಿಸಿದೆ. ಒಂದು ಕಡೆ ಹೊಸ ಪ್ರಾಯದ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು. “ಮೊಬೈಲಲ್ಲಿ ತೆಗೀರಿ ಅಂಕಲ್, ನಾನು ಒಂದು ನಿಮಿಷದಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿ ಕೊಡ್ತೇನೆ. ಹಳೇದರ ಹಾಗೆ ಗೀರು ಸಹ ಹಾಕ್ಲಿಕ್ಕೆ ಆಗ್ತದೆ.” ಜೀವಮಾನವಿಡೀ ನೆಗೆಟಿವಿಗೆ ಒಂದು ಗೀರು ಬೀಳದಂತೆ ಕಾದವರು ಭಾವ. “ಗೀರು ಬೇಡಮ್ಮ” ಎಂದಷ್ಟೇ ಹೇಳಿ ಹೊರಗೆ ಬಂದರು. ಮುಂಬಯಿಯಿಂದ ತರಿಸುವ ಎಂದು ಫೋನಿನಲ್ಲಿ ಹುಡುಕಿದರೆ ಅಲ್ಲಿಯೂ ಸ್ಟಾಕ್ ಇಲ್ಲ, ಬಂದಾಗ ತಿಳಿಸುತ್ತಾರಂತೆ. ಬೆಲೆ ಮಾತ್ರ ಈಗಲೇ ತಿಳಿಸಿದ್ದರು. ಅದನ್ನು ನಾನು ಭಾವನಿಗೆ ತೋರಿಸಲಿಲ್ಲ.

ಸಿದ್ದಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಹಿಂದಿರುಗುವಾಗ ಕೇಳಿದೆ. “ಈಗ ಎಂತ ಮಾಡುವುದು ಭಾವ?”

“ಇದ್ದದ್ದನ್ನು ಹೇಳುವುದು.”

“ಇದ್ದದ್ದಲ್ಲ ಭಾವ, ಇಲ್ಲದ್ದನ್ನು.”

ಆಗ ಮಾತ್ರ ಅವರ ಮುಖದಲ್ಲಿ ಒಂದು ಎಳೆ ನಗು ಕಂಡಿತು.

ಸಂಜೆಗೆ ಬಸವರಾಜ ಬಂದ. ಕುಂಕುಮದ ಹಣೆಯ ಹೆಂಡತಿ, ಲಡ್ಡಿನ ಪೊಟ್ಟಣ ಹಿಡಿದ ಮಗಳು. ಅಕ್ಕ ಎಲ್ಲರಿಗೂ ಬನ್ಸ್, ಚಾ ಕೊಡಿಸಿದಳು. ಭಾವ ಎದುರಿಗೆ ಕೂತು, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಸುತ್ತು ಬಳಸದೆ ಹೇಳಿದರು. “ಆವತ್ತು ಇದರಲ್ಲಿ ರೋಲು ಇರ್ಲಿಲ್ಲ ಬಸವರಾಜ. ನಿನ್ನ ಫೋಟೋ ನಾನು ತೆಗೆದದ್ದೇ ಇಲ್ಲ.”

ಅವನ ಕೈಯಲ್ಲಿದ್ದ ಬನ್ಸು ಅಲ್ಲಿಗೇ ನಿಂತಿತು. “ಏನೂ ಇರ್ಲಿಲ್ಲೇನ್ರಿ ಒಳಗ?”

“ಎಂತದೂ ಇರ್ಲಿಲ್ಲ. ನೀನು ಊರಿಗೆ ಹೋಗದ ಹಾಗೆ ಮಾಡ್ಲಿಕ್ಕೆ ಸುಳ್ಳು ಹೇಳಿದ್ದು.”

ಅವನು ಕ್ಯಾಮೆರಾ ನೋಡಿದ, ಗೋಡೆ ನೋಡಿದ. ಮುಖ ಸಣ್ಣದಾಯಿತು. ಆಮೇಲೆ ಅವನ ಭುಜ ಅಲುಗಿತು. ಅತ್ತನೇನೋ ಎಂದುಕೊಂಡರೆ, ನಗುತ್ತಿದ್ದ.

“ಅಂಕಲ್, ನಿಮ್ಮ ಫೋಟೋ ಸಲುವಾಗಿ ನಾ ಉಳದೆ ಅಂತ ತಿಳ್ಕೊಂಡಿದ್ರೇನು? ಇಲ್ರೀ! ನೀವು ಬೆಳಕು ನೋಡ್ಕೋತ ನಿಂತ್ರಿ. ಮೋಡ ಹೋಗ್ಲಿ ಅಂದ್ರಿ, ಗದ್ದ ಮ್ಯಾಲೆತ್ತು ಅಂದ್ರಿ. ಅಷ್ಟರಾಗ ನನ್ನ ಬಸ್ಸು ಹೋತು! ಟ್ರಂಕ್ ಹೊತ್ಕೊಂಡು ಹಾಸ್ಟೆಲಿಗೆ ತಿರುಗಿ ಹೋದೆ. ಬೆಳಗಾಗೋದ್ರಾಗ ಮನಸ್ಸು ಬದಲಾಗಿತ್ತು.”

ಮೊದಲು ನಕ್ಕವಳು ಜಲಜಕ್ಕ. ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. ಭಾವ ಮಾತ್ರ ಪೆಚ್ಚಾಗಿ ಕೂತಿದ್ದರು. ಇಷ್ಟು ವರ್ಷ ತಪ್ಪಿನ ಭಾರದ ಅಡಿಯಲ್ಲಿ, ಒಬ್ಬ ಹುಡುಗನನ್ನು ಉಳಿಸಿದೆ ಎನ್ನುವ ಸಣ್ಣ ಹೆಮ್ಮೆಯನ್ನೂ ಬಚ್ಚಿಟ್ಟುಕೊಂಡಿದ್ದರೋ ಏನೋ. ಎರಡೂ ಒಟ್ಟಿಗೇ ಹೋದವು.

ಬಸವರಾಜನಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ಎದ್ದು ಕಿಟಕಿಯ ಪಕ್ಕದ ಮೇಜಿಗೆ ಹೋದ. “ಈಗ ತೆಗೀರಿ ಅಂಕಲ್.”

“ಈಗಲೂ ರೋಲು ಇಲ್ಲ ಮಾರಾಯ.”

“ಇರ್ಲಿಕ್ಕಂದ್ರ ಏನಾತು? ಬೆಳಕು ಐತಲ್ಲ.”

ಅವನ ಹೆಂಡತಿ, “ತಡೀರಿ, ಸೆರಗು ಸರಿ ಮಾಡ್ಕೋತೀನಿ” ಎಂದು ಪಕ್ಕದಲ್ಲಿ ನಿಂತಳು. ಖಾಲಿ ಕ್ಯಾಮೆರಾಕ್ಕೆ ಸೆರಗು ಸರಿಮಾಡಿಕೊಂಡವಳನ್ನು ನಾನು ನೋಡಿದ್ದು ಅದೇ ಮೊದಲು. ಭಾವ ಎದ್ದರು. ಹಿಡಿದರು, ಇಳಿಸಿದರು, ಆಕಾಶ ನೋಡಿದರು. ಮಗುವಿನ ಗದ್ದವನ್ನು ಬೆರಳಲ್ಲಿ ಕಿಟಕಿಯ ಕಡೆ ತಿರುಗಿಸಿದರು. ಒಂದು ಆಟೋ ದಾಟುವವರೆಗೆ ಕಾದರು. ಆ ಮೂವರೂ ಅಲ್ಲಾಡದೆ ಕಾದರು. ಕ್ಲಿಕ್ ಎಂದಿತು. “ಚೆನ್ನಾಗಿ ಬಂತು” ಎಂದರು ಭಾವ, ಪೂರ್ತಿ ಗಂಭೀರವಾಗಿ.

ತಿಂಗಳುಗಳು ಕಳೆದ ಮೇಲೆ ಮುಂಬಯಿಯಿಂದ ಒಂದು ರೋಲು ಬಂತು. ಬೆಲೆ ಕೇಳಿದ ಜಲಜಕ್ಕ, “ಒಳಗೆ ಬೆಳ್ಳಿ ಉಂಟಾ ಇದರಲ್ಲಿ?” ಎಂದು ಹಂಗಿಸಿದಳು. “ಉಂಟು” ಎಂದರು ಭಾವ. ಅದು ತಮಾಷೆಯಲ್ಲವಂತೆ; ಫಿಲ್ಮಿನಲ್ಲಿ ನಿಜವಾಗಿಯೂ ಬೆಳ್ಳಿ ಇರುತ್ತದಂತೆ. ಅಂದಿನಿಂದ ಅಕ್ಕನೂ ಫ್ರಿಜ್ಜಿನ ಆ ಮೂಲೆಗೆ ಮರ್ಯಾದೆ ಕೊಡುತ್ತಾಳೆ.

ನಿನ್ನೆ ಆದಿತ್ಯವಾರ. ಮಂಚೂರಿಯ ಆಸೆ ಬಿಟ್ಟು, ಕಾರನ್ನೂ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಕಿಟಕಿಯ ಪಕ್ಕದ ಮೇಜು ಖಾಲಿಯಿತ್ತು, ಕೂತೆ. ಭಾವ ಕ್ಯಾಮೆರಾ ಹಿಡಿದು ಬಂದರು.

“ರೋಲು ಉಂಟಾ ಭಾವ?”

“ಉಂಟು.”

ತಲೆಗೂದಲು ಸರಿಮಾಡಿಕೊಂಡೆ. ಚಾ ಬಂದು ಆರಿತು. ಭಾವ ನೋಡಿದರು, ಬಗ್ಗಿ ನೋಡಿದರು, ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರು. ಕೊನೆಗೆ ಕ್ಯಾಮೆರಾ ಇಳಿಸಿ ಮುಚ್ಚಳ ಹಾಕಿದರು.

“ಎಂತಾಯ್ತು? ತೆಗೀಲಿಲ್ಲವಾ?”

“ಬೇಡ. ನೋಡಿ ಆಯ್ತು.”

“ಬೇಜಾರು ಮಾಡ್ಬೇಡ, ಕ್ಯಾಮೆರಾ ಖಾಲಿ ಇದ್ದಿದ್ರೆ ನಿನ್ನದೂ ತೆಗೀತಿದ್ರು” ಎಂದಳು ಗಲ್ಲಾದಿಂದ ಜಲಜಕ್ಕ.

ಎಲ್ಲರೂ ನಕ್ಕರು. ನಾನು ಮಾತ್ರ, ಅಷ್ಟು ಹೊತ್ತು ನನ್ನ ಮುಖವನ್ನು ಒಬ್ಬರು ಗಮನವಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ ಎಂದು ಯೋಚಿಸುತ್ತಾ ಕೂತುಬಿಟ್ಟೆ. ನಾನು ಹಿಡಿಯಬೇಕಿದ್ದ ಬಂಟ್ವಾಳದ ಬಸ್ಸು ಬಂತು, ಹೋಯಿತು. ಅಕ್ಕ ನನ್ನ ಕಡೆ ಹುಬ್ಬೇರಿಸಿದಳು.

“ನಾಳೆ ಬೆಳಿಗ್ಗೆ ಇಲ್ಲಿ ಬೆಳಕು ಹೇಗಿರ್ತದೆ ಭಾವ?” ಎಂದು ಕೇಳಿದೆ.