ಅಮ್ಮನ ಪಿಟೀಲು ಮತ್ತು ಮಾಯಿಯ ‘ಆಜಿ’

2001ರ ಎಪ್ರಿಲ್ 29, ಭಾನುವಾರ, ಬೆಳಿಗ್ಗೆ ಎಂಟೂ ಹತ್ತು. ಪರ್ಕಳದ ನಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಕೂತು ನಾನು ವಯರ್ ಬ್ಯಾಗಿನ ಕೊನೆಯ ಸಾಲು ಹೆಣೆಯುತ್ತಿದ್ದೆ. ಒಳಗೆ ಕೇಕು ಬೇಯುತ್ತಿತ್ತು. ಆಗ ಕೆಳಗಿನ ಬಾವಿಕಟ್ಟೆಯಿಂದ ಮಾಯಿ ತಲೆಯೆತ್ತಿ ಅಮ್ಮನನ್ನು ಕೂಗಿದರು.

“ಅಮ್ಮಾ, ಪಿಟೀಲಿನವರ ಫೋನ್ ಬಂದಿತ್ತು. ಕೆಲಸ ಮುಗೀತಂತೆ. ಆಜಿ ಊರಿಗೆ ಹೋಗ್ತಾರಂತೆ. ಅದ್ರೊಳಗೆ ಬಂದು ತಗೊಂಡು ಹೋಗಿ ಅಂದ್ರು.”

“ಆಯ್ತು ಮಾಯಿ!” ಅಮ್ಮ ಅಡುಗೆಮನೆಯಿಂದಲೇ ಉತ್ತರಿಸಿದರು.

ಮಾಯಿ ಎಂದರೆ ಕೆಳಮನೆಯ ಯಜಮಾನರ ಹಿರಿಯ ಸಂಬಂಧಿ. ಬೇಸಿಗೆಗೆಂದು ಕುಮಟಾದಿಂದ ಬಂದಿದ್ದರು. ಆ ಮನೆಯವರ ಭಾಷೆ ಕೊಂಕಣಿ. ಆದರೆ ನಮ್ಮೊಡನೆ ಅವರು ತುಳುವಿನಲ್ಲೇ ಮಾತಾಡುತ್ತಿದ್ದರು, ಏಕೆಂದರೆ ನಮ್ಮದು ತುಳು. (ನಮ್ಮ ಮನೆಯ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಮಾಯಿಗೆ ಮಾತ್ರ ತುಳು ಬರುತ್ತಿರಲಿಲ್ಲ. ಅವರು ನಮ್ಮೊಡನೆ ಕನ್ನಡ ಆಡುತ್ತಿದ್ದರು, ಅವಸರದಲ್ಲಿ ಕೊಂಕಣಿಯೂ ಸೇರಿಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ನಮಗೆ ಬರುವ ಕರೆಗಳೆಲ್ಲ ಕೆಳಮನೆಗೇ ಬರುತ್ತಿದ್ದವು.

ಅಮ್ಮ ಕೈ ಒರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ತುಳುವಿನಲ್ಲಿ ಆಜಿ ಎಂದರೆ ಆರು. ಮೇ ಆರು, ಮುಂದಿನ ಭಾನುವಾರ. ನಾನು ಪೆನ್ಸಿಲಿನಿಂದ ಆ ಆರಕ್ಕೆ ಸುತ್ತು ಹಾಕಿದೆ.

“ಇವತ್ತೇ ಹೋಗಿ ತರುತ್ತೇನೆ,” ಎಂದಳು ಅಕ್ಕ.

“ಅಂಟು ಹಾಕಿದ್ದು ಮಗಾ. ಇನ್ನೆರಡು ದಿನ ಅವರ ಕೈಯಲ್ಲೇ ಒಣಗಲಿ. ನೀವಿಬ್ಬರೂ ಕಾಪುವಿನ ಗೆಳತಿಯ ಮನೆಗೆ ಬರುತ್ತೀರಿ ಅಂತ ಹೇಳಿಯಾಗಿದೆ, ಅವರು ಅಡುಗೆ ಮಾಡಿರುತ್ತಾರೆ. ಮಂಗಳವಾರ ನಾನೇ ತರುತ್ತೇನೆ,” ಎಂದರು ಅಮ್ಮ.

ಅಕ್ಕ ಮುಖ ತಿರುಗಿಸಿಕೊಂಡು ಲಟ್ಟಣಿಗೆ ಎತ್ತಿಕೊಂಡಳು. ಪಿಟೀಲು ರಿಪೇರಿಗೆ ಹೋದಂದಿನಿಂದ ಅವಳ ಅಭ್ಯಾಸ ಲಟ್ಟಣಿಗೆಯ ಮೇಲೆ ನಡೆಯುತ್ತಿತ್ತು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ, ಲಟ್ಟಣಿಗೆಯ ಒಂದು ತುದಿ ಎದೆಗೆ, ಇನ್ನೊಂದು ಪಾದಕ್ಕೆ ಇಟ್ಟು, ಕಣ್ಣು ಮುಚ್ಚಿ ಬೆರಳು ಓಡಿಸುತ್ತಿದ್ದಳು. ಬಾಯಲ್ಲಿ ಸ್ವರ. ಚಪಾತಿಯ ದಿನ ಅಮ್ಮ ಕಾಯಬೇಕಿತ್ತು. ಮೇ ಹನ್ನೆರಡಕ್ಕೆ ಅವಳ ಸಂಗೀತದ ಸೀನಿಯರ್ ಪರೀಕ್ಷೆ ಇತ್ತು. ಹಿಂದಿನ ವರ್ಷ ಜ್ವರ ಬಂದು ತಪ್ಪಿಹೋಗಿತ್ತು. ಮಣಿಪಾಲದ ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ರಾತ್ರಿ ಊಟಕ್ಕೆ ಮೊದಲು ಒಂದು ಗಂಟೆ ನುಡಿಸಿ ಮುಟ್ಟಿದ ಹಂತ ಅದು.

ಪಿಟೀಲು ಅಮ್ಮನದು. ಮದುವೆಗೆ ಮೊದಲು ಕಡಿಯಾಳಿಯಲ್ಲಿ ಅವರು ಕಲಿತದ್ದು ಅದರಲ್ಲೇ. ಅಕ್ಕನ ಮೊದಲ ಪಾಠವೂ ಅದರಲ್ಲೇ ಆಯಿತು. ಅವಳು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನಗಳಲ್ಲಿ ಅಮ್ಮ ಒಬ್ಬರೇ ಬಾಗಿಲು ಮುಂದೆ ಮಾಡಿ ನುಡಿಸುತ್ತಿದ್ದರು. ನಾನು ಕಾಲೇಜಿನಿಂದ ಬೇಗ ಬಂದ ದಿನ ಮೆಟ್ಟಿಲಲ್ಲೇ ನಿಂತು ಕೇಳುತ್ತಿದ್ದೆ. ಬಾಗಿಲು ತಟ್ಟಿದರೆ ನುಡಿಸುವುದು ನಿಂತುಬಿಡುತ್ತಿತ್ತು.

ಆ ಬೇಸಿಗೆ ನನ್ನ ಪಿಯುಸಿ ಪರೀಕ್ಷೆ ಮುಗಿದಿತ್ತು. ಭಾನುವಾರಕ್ಕೊಂದು ತಿರುಗಾಟ, ಒಂದು ಕೇಕು, ಒಂದು ಕೈಕೆಲಸ ಎಂದು ಅಕ್ಕನೂ ನಾನೂ ಮಾತಾಡಿಕೊಂಡಿದ್ದೆವು. ಓವನ್ ಎಲ್ಲಿಂದ ಬರಬೇಕು? ಕುಕ್ಕರಿನ ತಳಕ್ಕೆ ಹೊಯಿಗೆ, ಅಂದರೆ ಮರಳು, ಹರಡಿ, ಗ್ಯಾಸ್ಕೆಟ್ ಮತ್ತು ವೇಯ್ಟ್ ತೆಗೆದು, ಹೊಯಿಗೆ ಕಾದ ಮೇಲೆ ಕೇಕಿನ ಪಾತ್ರೆ ಇಡುವುದು. ಅಲ್ಲಿಯವರೆಗಿನ ನನ್ನ ಲೆಕ್ಕ ಹೀಗಿತ್ತು: ಮಾಡಿದ ಕೇಕು ನಾಲ್ಕು, ತಳ ಹಿಡಿದದ್ದು ಒಂದು, ಉಪ್ಪುಪ್ಪಾದದ್ದು ಒಂದು. ಉಪ್ಪಿನದಕ್ಕೆ ಕಡಲಬದಿಯ ಹೊಯಿಗೆಯೇ ಕಾರಣ ಎಂದು ಅಕ್ಕ ವಾದಿಸಿದಳು. ಪಾತ್ರೆಯೊಳಗೆ ಹೊಯಿಗೆ ಹೋಗುವುದು ಹೇಗೆ ಎಂದು ಅಮ್ಮ ಕೇಳಿದರು.

ಎಪ್ರಿಲ್ ಹದಿನೈದರಂದು ಕಾರ್ಕಳಕ್ಕೆ ಹೋಗಿದ್ದೆವು. ಗೊಮ್ಮಟನ ಬೆಟ್ಟದಲ್ಲಿ ಕೂತು ನುಡಿಸಬೇಕೆಂಬ ಆಸೆಯಿಂದ ಅಕ್ಕ ಪಿಟೀಲನ್ನೂ ತಂದಿದ್ದಳು. ಒಂದು ಗಿಡದ ನೆರಳಿನಲ್ಲಿ ಪೆಟ್ಟಿಗೆ ಇಟ್ಟು ನಾವು ಬುತ್ತಿ ಬಿಚ್ಚಿದೆವು. ಉಂಡು, ಕೈತೊಳೆದು ಬರುವಷ್ಟರಲ್ಲಿ ನೆರಳು ಸರಿದುಹೋಗಿತ್ತು. ಬಂಡೆ ಬರಿಗಾಲು ಇಡಲಾಗದಷ್ಟು ಕಾದಿತ್ತು. ತೆರೆದು ನೋಡಿದರೆ ಹಳೆಯ ಅಂಟು ಬಿಟ್ಟು ಬೆನ್ನಿನ ಹಲಗೆ ಅಂಚಿನಲ್ಲಿ ಬಾಯಿ ತೆರೆದಿತ್ತು. ಕುತ್ತಿಗೆ ಅಲುಗಾಡುತ್ತಿತ್ತು. ವಾಪಸು ಬಸ್ಸಿನಲ್ಲಿ ಅಕ್ಕ ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅಮ್ಮ ಬೈಯಲಿಲ್ಲ. ಅದಕ್ಕೇ ನಮಗೆ ಹೆದರಿಕೆಯಾದದ್ದು.

ರಿಪೇರಿಯವರನ್ನು ಹುಡುಕಿಕೊಟ್ಟವರು ಮಾಯಿಯೇ. ಕಾರವಾರದ ಕಡೆಯವರು. ಭಜನೆ ಮಂದಿರಗಳ ಹಾರ್ಮೋನಿಯಂ, ಚರ್ಚುಗಳ ಪಿಟೀಲು ಸರಿಮಾಡಲು ಬೇಸಿಗೆಯಲ್ಲಿ ಬಂದು ಕಡಿಯಾಳಿಯಲ್ಲಿ ನೆಂಟರ ಮನೆಯಲ್ಲಿ ಇಳಿಯುತ್ತಿದ್ದರು. ಪೆಟ್ಟಿಗೆಯ ಹಿಡಿ ಎಂದೋ ಹರಿದಿತ್ತು. ಕೊಡುವ ಮೊದಲು ನಾನು ಹಸಿರು-ಬಿಳಿ ವಯರಿನಲ್ಲಿ ಹೊಸ ಹಿಡಿ ಹೆಣೆದು ಹಾಕಿದೆ.

ಕಾಪುವಿನಲ್ಲಿದ್ದದ್ದು ಅಕ್ಕನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯ ಮನೆ. ಅವರದೂ ಕೊಂಕಣಿ. ಹನ್ನೊಂದಕ್ಕೆ ತಲುಪಿದೆವು. ದೀಪಸ್ತಂಭದ ಬಂಡೆಗಳ ಹತ್ತಿರ ಹೋಗಿ ಗಾಳಿಗಂಟೆಗೆಂದು ಚಿಪ್ಪು ಹೆಕ್ಕಿದೆವು. ತೂತು ಇರುವವು ಮೂವತ್ತೊಂದು ಸಿಕ್ಕಿದವು. ಅಕ್ಕ ಒಂದನ್ನೂ ಹೆಕ್ಕಲಿಲ್ಲ. ನೀರಿಗೆ ಬೆನ್ನು ಹಾಕಿ ಕೂತು ಮೊಣಕಾಲಿನ ಮೇಲೆ ಬೆರಳು ಒತ್ತುತ್ತಿದ್ದಳು.

“ಎಂತ ಮಾರಾಯ್ತಿ, ಕಡಲು ನೋಡ್ಲಿಕ್ಕೆ ಬಂದದ್ದಾ, ಕಾಲು ಒತ್ತಿಕೊಳ್ಳಲಿಕ್ಕಾ?” ಎಂದು ಗೆಳತಿ ಕೆಣಕಿದಳು.

“ಪಿಟೀಲು ಕೈಗೆ ಬರುವವರೆಗೆ ಇವಳಿಗೆ ಕಡಲೂ ಕಾಣುವುದಿಲ್ಲ,” ಎಂದೆ ನಾನು.

ಊಟ ಮುಗಿದು ಕೇಕು ಕತ್ತರಿಸುವಾಗ ಎರಡು ದಾಟಿತ್ತು. ಎಲ್ಲರನ್ನೂ ನಗಿಸಲು ನಾನು ಮಾಯಿಯ ಅಣಕ ಮಾಡಿದೆ. ಸೊಂಟಕ್ಕೆ ಕೈಕೊಟ್ಟು, ಕತ್ತು ಮೇಲೆತ್ತಿ: “ಅಮ್ಮಾ, ಪಿಟೀಲಿನವರ ಫೋನ್ ಬಂದಿತ್ತು! ಆಜಿ ಊರಿಗೆ ಹೋಗ್ತಾರಂತೆ!”

ಗೆಳತಿ ನಕ್ಕಳು. ಮತ್ತೆ ನಗು ನಿಲ್ಲಿಸಿದಳು.

“ಇನ್ನೊಮ್ಮೆ ಹೇಳು. ಆಜಿ ಅಂದ್ರಾ?”

“ಹೌದು. ಆರಕ್ಕೆ.”

“ಕೊಂಕಣಿಯಲ್ಲಿ ಆಜಿ ಅಂದ್ರೆ ಆರಲ್ಲ, ಇವತ್ತು! ಮಾಯಿಗೆ ತುಳು ಬರ್ತದಾ?”

ಅಕ್ಕ ಎದ್ದು ನಿಂತಳು. ಕೈಯಲ್ಲಿದ್ದ ಕೇಕಿನ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ನನ್ನ ಕೈಗೇ ಕೊಟ್ಟಳು.

ರಸ್ತೆಬದಿಯ ಎಸ್‌ಟಿಡಿ ಬೂತಿನಿಂದ ಕೆಳಮನೆಗೆ ಫೋನ್ ಮಾಡಿದೆವು. ಮಾಯಿಯೇ ಎತ್ತಿದರು.

“ಮಾಯಿ, ಪಿಟೀಲಿನವರು ಎಷ್ಟು ಗಂಟೆಗೆ ಹೋಗುವುದು?”

“ಮೂರೂವರೆ ಟ್ರೇನು ಅಂದ್ರಪ್ಪ. ನೀವು ಇನ್ನೂ ತಂದಿಲ್ವಾ? ಎಲ್ಲಿದ್ದೀರಿ?”

“ಕಾಪುವಿನಲ್ಲಿ.”

“ಕಾಪು! ಕಾಪುವಿಗೆ ಎಂತಕ್ಕೆ ಹೋದ್ರಿ? ನಾ ಆಜಿ ಅಂತ ಗಂಟಲು ಹರಿದು ಹೇಳಿದ್ನಲ್ಲ! ಕಡಿಯಾಳಿ ಮನೆಗೂ ಬೀಗ ಹಾಕ್ತಾರಂತೆ, ಬರದಿದ್ರೆ ಸಾಮಾನಿನ ಜೊತೆ ತಗೊಂಡು ಹೋಗ್ತೇನೆ ಅಂದಿದ್ರು. ನಿಮ್ಮ ಅಮ್ಮನೂ ಪೇಟೆಗೆ ಹೋದವರು ಬಂದಿಲ್ಲ!”

ಚಪ್ಪಲಿ ಸಿಕ್ಕಿಸಿಕೊಂಡು ಹೆದ್ದಾರಿಗೆ ಓಡಿದೆವು. ಉಡುಪಿಯ ಬಸ್ಸು ಸಿಕ್ಕಿದಾಗ ಎರಡು ನಲವತ್ತು. ಅದು ಕಟಪಾಡಿಯಲ್ಲಿ ನಿಂತಿತು. ಒಬ್ಬರು ಹಲಸಿನ ಹಣ್ಣು ಇಳಿಸಲು ಹೇಳಿದರು. ಅದು ಡಿಕ್ಕಿಯಲ್ಲಿ ಎಲ್ಲೋ ಹಿಂದೆ ಸೇರಿಕೊಂಡಿತ್ತು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಸ್ವಲ್ಪ ಬೇಗ ಮಾಡಿ, ರೈಲಿಗೆ ಹೋಗ್ಲಿಕ್ಕೆ ಉಂಟು!”

“ಎಂತ ಅಕ್ಕ, ಡ್ರೈವರನ್ನು ಇಳಿಸಿ ನಿಮಗೆ ಸೀಟು ಕೊಡುವುದಾ?” ಎಂದ ಕಂಡಕ್ಟರ್. ಅವಳ ಮುಖ ನೋಡಿದ ಮೇಲೆ ಮುಂದಿನ ಸ್ಟಾಪಿನಲ್ಲಿ ಜೋರಾಗಿ ಸೀಟಿ ಊದಿ ಬಸ್ಸು ಹೊರಡಿಸಿದವನೂ ಅವನೇ.

ಉಡುಪಿಯಲ್ಲಿ ಇಳಿದು ರಿಕ್ಷಾ ಹಿಡಿದು ಇಂದ್ರಾಳಿ ಸ್ಟೇಷನ್ ಮುಟ್ಟುವಾಗ ರೈಲು ಆಗಲೇ ಬಂದು ನಿಂತಿತ್ತು. ನಾನು ಒಂದು ಕಡೆ, ಅಕ್ಕ ಇನ್ನೊಂದು ಕಡೆ ಓಡಿದೆವು. ಡಬ್ಬಿ ಡಬ್ಬಿಯ ಕಿಟಕಿಯಲ್ಲಿ ಇಣುಕುತ್ತಾ ಹೋಗುವಾಗ ಅಕ್ಕ ಕೂಗಿದ್ದು ಕೇಳಿತು. ಅವರು ಹಿಂದಿನ ಡಬ್ಬಿಯೊಂದರ ಬಾಗಿಲಲ್ಲೇ ನಿಂತಿದ್ದರು. ಕಾಲ ಬುಡದಲ್ಲಿ ಒಂದೇ ತರದ ಮೂರು ಕಪ್ಪು ಪೆಟ್ಟಿಗೆಗಳು. ಒಂದರ ಹಿಡಿ ಹಸಿರು-ಬಿಳಿ ವಯರಿನದು.

“ಬೆಳಿಗ್ಗೆಯಿಂದ ದಾರಿ ನೋಡಿದೆ ನಾನು. ಬರೂದಿಲ್ಲ ಅಂತ ಮಾಡಿದೆ,” ಎಂದರು ಅವರು ಪೆಟ್ಟಿಗೆ ಎತ್ತುತ್ತಾ.

“ಇದೇ, ಇದೇ ನಮ್ಮದು!” ಎಂದು ನಾನು ಹಿಡಿಗೆ ಕೈಹಾಕಿದೆ. ರೈಲು ಅಲುಗಿತು.

“ತಂತಿ ಇವತ್ತು ಬಿಗಿ ಮಾಡಬೇಡಿ! ನಾಳೆ ಸಂಜೆ! ಸ್ವಲ್ಪ ಸ್ವಲ್ಪವೇ!” ಅವರು ಬಾಗಿಲಿನ ಸರಳು ಹಿಡಿದು ಕೂಗುತ್ತಲೇ ಹೋದರು. ಅಕ್ಕ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಪ್ಲಾಟ್‌ಫಾರಮಿನ ನೆಲದಲ್ಲೇ ಕೂತಳು. ಆ ದಿನ ಮೊದಲ ಬಾರಿ ನಕ್ಕಳು. ಕೇಕಿನ ಆ ತುಂಡು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಪುಡಿಯಾಗಿ. ಅದನ್ನೇ ಹಂಚಿಕೊಂಡು ತಿಂದೆವು.

ಮನೆಗೆ ಬಂದಾಗ ಮಾಯಿಯೂ ಅಮ್ಮನೂ ಗೇಟಿನಲ್ಲೇ ಕಾಯುತ್ತಿದ್ದರು. ಎಲ್ಲರೂ ಮೇಲೆ ಬಂದೆವು. ತಂತಿ ಮುಟ್ಟುವುದು ಬೇಡ, ನೋಡುವುದಕ್ಕೇನು ಎಂದು ಅಮ್ಮ ಪೆಟ್ಟಿಗೆ ತೆರೆದರು. ಪಿಟೀಲನ್ನು ಎತ್ತಿ ಮಗುಚಿದರು. ಅದರ ತಲೆಯ ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ನಮ್ಮದಲ್ಲ,” ಎಂದರು.

“ಪೆಟ್ಟಿಗೆ ನಮ್ಮದೇ ಅಮ್ಮ, ಹಿಡಿ ನೋಡಿ,” ಎಂದೆ.

“ಪೆಟ್ಟಿಗೆ ನಮ್ಮದು. ಇದು ಬೇರೆ ಯಾರದ್ದೋ.”

ಕೂತು ನುಡಿಸುವ ನಮ್ಮ ಪದ್ಧತಿಯಲ್ಲಿ ಪಿಟೀಲಿನ ತಲೆ ಬಲಪಾದದ ಮೇಲೆ ಊರಿಕೊಳ್ಳುತ್ತದೆ. ಅಮ್ಮನ ವರ್ಷಗಳೂ ಅಕ್ಕನ ವರ್ಷಗಳೂ ಸೇರಿ ಆ ಜಾಗದ ಬಣ್ಣ ಹೋಗಿ ಮರ ಬೆಳ್ಳಗೆ, ನುಣ್ಣಗೆ ಆಗಿತ್ತು. ಇದರ ಸುರುಳಿ ಅಂಗಡಿಯಿಂದ ತಂದಷ್ಟು ಹೊಳೆಯುತ್ತಿತ್ತು. ಸವೆದದ್ದು ಕೆಳಗೆ, ಗಲ್ಲ ಒತ್ತುವಲ್ಲಿ. ನಿಂತುಕೊಂಡು ಗಲ್ಲಕ್ಕೆ ಕೊಟ್ಟು ನುಡಿಸುವ ಯಾರದೋ ಪಿಟೀಲು ಅದು. ಯಾವುದೋ ಚರ್ಚಿನ ಗಾಯನ ತಂಡದ್ದಿರಬಹುದು. ರಿಪೇರಿ ಮುಗಿಸಿ ಪೆಟ್ಟಿಗೆಗಳಿಗೆ ಹಾಕುವಾಗ ಅದಲುಬದಲಾಗಿದೆ.

“ಬೆಳಿಗ್ಗೆಯೇ ಹೋಗುತ್ತೇನೆ ಅಂದೆ ನಾನು. ತೆರೆದು ನೋಡಲಿಕ್ಕೆ ಸಮಯ ಇರುತ್ತಿತ್ತು.” ಅಕ್ಕನ ದನಿ ಏರಿತು.

“ಹೌದು, ನೀನು ಅಂದೆ,” ಎಂದರು ಅಮ್ಮ.

ಮಾಯಿ ಗೋಡೆಗೆ ಒರಗಿ ನಿಂತಿದ್ದರು. “ಒಂದು ‘ಇವತ್ತು’ ಅನ್ನಲಿಕ್ಕೆ ನನ್ನ ಬಾಯಿಗೆ ಎಂತ ಆಗಿತ್ತೋ,” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಮ್ಮ ಎದ್ದು ಅವರಿಗೆ ನೀರು ತಂದುಕೊಟ್ಟರು.

ರಿಪೇರಿಯವರ ಕಡಿಯಾಳಿಯ ನೆಂಟರು ಮನೆಗೆ ಮರಳಿದ್ದು ಮೇ ಎರಡನೇ ವಾರದಲ್ಲಿ. ಅವರ ಬಳಿ ಇದ್ದದ್ದು ಕಾರವಾರದ ಒಂದು ಅಂಗಡಿಯ ನಂಬರು ಮಾತ್ರ. ಆ ನಂಬರಿಗೆ ಕರೆ ಹೋಗಲಿಲ್ಲ. ಮಾಯಿ ಕುಮಟಾಕ್ಕೆ ಹೋದ ಮೇಲೂ ಅಲ್ಲಿಂದ ವಿಚಾರಿಸಿದರು. ಮುಂದಿನ ಬೇಸಿಗೆಗೆ ರಿಪೇರಿಯವರು ಉಡುಪಿಗೆ ಬರಲಿಲ್ಲ. ಅದರಾಚೆಯ ಬೇಸಿಗೆಗೂ ಇಲ್ಲ.

ಪರೀಕ್ಷೆಗೆ ಈ ಪಿಟೀಲು ಹಿಡಿಯಲು ಅಕ್ಕ ಒಪ್ಪಲಿಲ್ಲ. ಮೂರು ದಿನ ಪೆಟ್ಟಿಗೆ ಮುಚ್ಚಿಯೇ ಇತ್ತು. ಮತ್ತೆ ಲಟ್ಟಣಿಗೆ ಎತ್ತಿಕೊಂಡಳು. ನಾಲ್ಕನೆಯ ದಿನ ಅಮ್ಮ ಲಟ್ಟಣಿಗೆ ಕಸಿದುಕೊಂಡರು.

“ಯಾರದ್ದಾದರೂ ಆಗಲಿ, ನುಡಿಸದೆ ಇಟ್ಟರೆ ಮರ ಸಾಯುತ್ತದೆ. ಅವರೂ ನಮ್ಮದನ್ನು ಮೂಲೆಗೆ ಹಾಕಿದರೆ ನಿನಗೆ ಹೇಗಾಗುತ್ತದೆ?”

ಆ ಸಂಜೆ ಅಕ್ಕ ಬಿರಡೆ ತಿರುಗಿಸಿ ತಂತಿಯನ್ನು ಸ್ವಲ್ಪ ಸ್ವಲ್ಪವೇ ನಮ್ಮ ಶ್ರುತಿಗೆ ಏರಿಸಿದಳು. ಪಾದದ ಮೇಲೆ ಆ ಹೊಳೆಯುವ ಸುರುಳಿ ಜಾರುತ್ತಿತ್ತು. ಅವಳು ಒಂದು ಕರವಸ್ತ್ರ ಸುತ್ತಿ ಅಡಿಗೆ ಕೊಟ್ಟಳು. ಪರೀಕ್ಷೆಯ ದಿನ ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಮುಚ್ಚಿದ ಬಾಗಿಲಿನಾಚೆ ಅವಳು ಎರಡು ಕಡೆ ತಡವರಿಸಿದ್ದು ನನಗೆ ಕೇಳಿತು. ಪಾಸಾದಳು, ಅಂಕ ಅವಳೆಣಿಸಿದ್ದಕ್ಕಿಂತ ಕಡಿಮೆ.

ಭಾನುವಾರದ ತಿರುಗಾಟ ನಿಲ್ಲಲಿಲ್ಲ. ಆ ಬೇಸಿಗೆಯಲ್ಲಿ ಇನ್ನೂ ಮೂರು ಕೇಕು ಆದವು, ಚಿಪ್ಪಿನ ಗಾಳಿಗಂಟೆ ಮೆಟ್ಟಿಲ ತುದಿಯಲ್ಲಿ ತೂಗಿತು. ಆದರೆ ನಾನು ಕಾಲೇಜಿನಿಂದ ಬೇಗ ಬಂದ ದಿನಗಳಲ್ಲಿ ಮನೆ ಮೌನವಾಗಿರುತ್ತಿತ್ತು. ಅಮ್ಮ ಈ ಪಿಟೀಲನ್ನು ಒರೆಸುತ್ತಾರೆ, ಮಳೆಗಾಲದಲ್ಲಿ ಅಕ್ಕಿ ಡಬ್ಬಿಯ ಮೇಲೆ ಬೆಚ್ಚಗಿಡುತ್ತಾರೆ. ಒಮ್ಮೆಯೂ ನುಡಿಸಿಲ್ಲ. ಎಂಟು ವರ್ಷವಾಯಿತು. ಕೇಳಿದರೆ, ಅದರ ಜನ ಬಂದು ಕೇಳಿದಾಗ ಕೊಡಬೇಕಲ್ಲ, ರೂಢಿ ಮಾಡಿಕೊಳ್ಳುವುದು ಬೇಡ ಎನ್ನುತ್ತಾರೆ.

ಅದಕ್ಕೇ ಇದನ್ನು ಬರೆದೆ. 2001ರ ಬೇಸಿಗೆಯಲ್ಲಿ ಉಡುಪಿ, ಕಾರ್ಕಳ, ಕಾಪು ಕಡೆಯಿಂದ ಕಾರವಾರದ ರಿಪೇರಿಯವರ ಕೈಗೆ ಪಿಟೀಲು ಕೊಟ್ಟವರು ನೀವಾಗಿದ್ದರೆ, ನಿಮಗೆ ಮರಳಿ ಬಂದದ್ದರ ತಲೆಯ ಸುರುಳಿಯನ್ನು ಒಮ್ಮೆ ಮುಟ್ಟಿ ನೋಡಿ. ಒಂದು ಬದಿ ಬಣ್ಣ ಹೋಗಿ ನುಣ್ಣಗಿದ್ದರೆ ಅದು ಅಮ್ಮನದು. ಆ ರಿಪೇರಿಯವರನ್ನು ಬಲ್ಲವರಾದರೂ ಆದೀತು, ಅವರು ಉಳಿದೆರಡು ಪೆಟ್ಟಿಗೆಗಳನ್ನು ಯಾವ ಊರಿಗೆ ಒಯ್ದರೆಂದು ತಿಳಿದವರಾದರೂ ಆದೀತು, ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಎರಡು ಸಾಲು ಬರೆಯಿರಿ. ನಿಮ್ಮ ಪಿಟೀಲು ಚೆನ್ನಾಗಿದೆ. ಪಾದ ತಾಗುವಲ್ಲಿ ಮಾತ್ರ ಸ್ವಲ್ಪ ಬಣ್ಣ ಹೋಗಿದೆ, ಅದಕ್ಕೆ ಅಕ್ಕ ಕ್ಷಮೆ ಕೇಳಿದ್ದಾಳೆ.